ಇಬ್ಬನಿ ಆರುವ ಮುನ್ನ: ಕೀಟ ಮತ್ತು ಜೇಡಗಳ ಸಮೀಪ ಛಾಯಾಗ್ರಹಣ

ಚಿತ್ತಾ ಮಳೆ ಮುಗಿದು ಸ್ವಾತಿ ಮಳೆ ಬರುವ ಹೊತ್ತಿಗೆ ಒಂದು ದಿನ ಬೆಳಗ್ಗೆ ಆರು ಗಂಟೆಗೆ ಊರಾಚೆಯ ಹೊಲಗಳ ಕಡೆ ಹೋಗಿ ನೋಡಿ. ರಾಗಿ ತೆನೆ ತೂಗುತ್ತಿರುತ್ತದೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ. ಬದುವಿನ ಮೇಲೆ ತುಂಬೆ ಅರಳಿರುತ್ತದೆ. ಹಿಂದಿನ ಸಂಜೆ ಅದೇ ಬೇಲಿಯ ಪಕ್ಕದಲ್ಲೇ ನಡೆದುಹೋಗಿದ್ದರೂ ನಿಮ್ಮ ಕಣ್ಣಿಗೆ ಬೀಳದಿದ್ದ ಹತ್ತಾರು ಜೇಡರ ಬಲೆಗಳು ಈಗ ಇಬ್ಬನಿ ಹೊತ್ತು ಎದ್ದು ಕಾಣುತ್ತವೆ. ಕೂಡಲೇ ಕ್ಯಾಮೆರಾ ಅಥವಾ ಮೊಬೈಲ್ ಫೋನ್ ತೆಗೆದು ಹತ್ತಿರ ಹಿಡಿಯುತ್ತೀರಿ. ಚಿತ್ರ ನೋಡಿದರೆ ನಿರಾಶೆ! ಜೇಡದ ಬೆನ್ನು ಸ್ಪಷ್ಟವಾಗಿದ್ದರೆ ಕಾಲುಗಳು ಮಸುಕು. ಕಾಲು ಸ್ಪಷ್ಟವಾಗಿದ್ದರೆ ಬೆನ್ನು ಮಸುಕು. ಗಾಳಿ ತುಸು ಬೀಸಿದರಂತೂ ಎಲ್ಲವೂ ಮಸುಕು.

ಇದು ನಿಮ್ಮ ಕೈಯ ದೋಷವಲ್ಲ, ಕ್ಯಾಮೆರಾದ ದೋಷವೂ ಅಲ್ಲ. ಬೆಳಕಿನ ನಿಯಮಗಳೇ ಹಾಗಿವೆ. ಈ ನಿಯಮಗಳು ಏನನ್ನು ಕಿತ್ತುಕೊಳ್ಳುತ್ತವೆ, ಶರದೃತುವಿನ ಮುಂಜಾನೆ ಅದರಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಹತ್ತನೆಯ ತರಗತಿಯ ಬೆಳಕಿನ ಪಾಠ ಮತ್ತು ಜೀವಿಗಳ ದಿನಚರಿಯ ಪರಿಚಯ ಇದ್ದರೆ ಸಾಕು.

ಶರದೃತುವೇ ಏಕೆ?

ಮುಂಗಾರಿನಲ್ಲಿ ಹಸಿರು ಚಿಗುರುತ್ತದೆ, ಹಸಿರನ್ನು ತಿನ್ನುವ ಕೀಟಗಳು ಹೆಚ್ಚುತ್ತವೆ, ಕೀಟಗಳನ್ನು ತಿನ್ನುವ ಜೇಡಗಳು ಬೆಳೆಯುತ್ತವೆ. ಚಕ್ರಾಕಾರದ ಬಲೆ ನೇಯುವ ಅನೇಕ ಜೇಡಗಳು ಪೂರ್ಣ ಗಾತ್ರಕ್ಕೆ ಬರುವುದು ಮಳೆಗಾಲದ ಕೊನೆಯಲ್ಲಿ. ಬಯಲುಸೀಮೆಯ ಬೇಲಿಗಳಲ್ಲಿ ಆರ್ಜಿಯೋಪೆ ಅನಸುಜ ಎಂಬ ಜೇಡವನ್ನು ಸುಲಭವಾಗಿ ಗುರುತಿಸಬಹುದು. ಎರಡೆರಡು ಕಾಲುಗಳನ್ನು ಜೋಡಿಸಿ, ಗುಣಾಕಾರ ಚಿಹ್ನೆಯಂತೆ ಚಾಚಿ ಅದು ಬಲೆಯ ನಡುವೆ ಕುಳಿತಿರುತ್ತದೆ. ಕಾಲುಗಳ ನೇರಕ್ಕೇ ಬಿಳಿ ರೇಷ್ಮೆಯ ಅಂಕುಡೊಂಕು ಪಟ್ಟಿಗಳನ್ನೂ ನೇಯ್ದಿರುತ್ತದೆ. ಪಶ್ಚಿಮ ಘಟ್ಟಗಳ ಕಾಡಂಚಿನಲ್ಲಿ ದೈತ್ಯ ಜೇಡ ನೆಫಿಲ ಪಿಲಿಪೆಸ್ ಹೊಂಬಣ್ಣದ ಬಲೆ ಹೆಣೆದಿರುತ್ತದೆ. ಹೆಣ್ಣಿನ ದೇಹ 3ರಿಂದ 5 ಸೆಂ.ಮೀ. ಉದ್ದ. ಅದೇ ಬಲೆಯ ಅಂಚಿನಲ್ಲಿರುವ ಗಂಡು ಸುಮಾರು ಅರ್ಧ ಸೆಂ.ಮೀ. ಮಾತ್ರ. ಆ ಬಲೆಯಲ್ಲೇ ಕೆಲವು ಮಿ.ಮೀ. ಗಾತ್ರದ ಬೆಳ್ಳಿ ಹನಿಗಳಂಥವು ಕಂಡರೆ ಅವೆಲ್ಲವೂ ಇಬ್ಬನಿ ಎಂದುಕೊಳ್ಳಬೇಡಿ. ಒಡತಿಯ ಬೇಟೆಯಲ್ಲಿ ಪಾಲು ಕದಿಯುವ ಆರ್ಜಿರೋಡಿಸ್ ಜೇಡಗಳೂ ಅಲ್ಲಿರಬಹುದು.

ಜೇಡ ಕೀಟವಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಕೀಟಕ್ಕೆ ಆರು ಕಾಲು, ದೇಹದಲ್ಲಿ ಮೂರು ಭಾಗ, ತಲೆಯ ಮೇಲೆ ಕುಡಿಮೀಸೆ. ಜೇಡಕ್ಕೆ ಎಂಟು ಕಾಲು, ಎರಡೇ ಭಾಗ, ಕುಡಿಮೀಸೆ ಇಲ್ಲ. ಆದರೆ ಕ್ಯಾಮೆರಾದ ಮುಂದೆ ಎರಡರದೂ ಒಂದೇ ಸಮಸ್ಯೆ. ಎರಡೂ ತೀರ ಚಿಕ್ಕವು.

ವರ್ಧನೆ ಎಂದರೇನು?

ಕ್ಯಾಮೆರಾದೊಳಗಿನ ಸಂವೇದಕದ ಮೇಲೆ ಬೀಳುವ ಬಿಂಬದ ಉದ್ದವನ್ನು ವಸ್ತುವಿನ ನಿಜ ಉದ್ದದಿಂದ ಭಾಗಿಸಿದರೆ ಬರುವುದೇ ವರ್ಧನೆ. 10 ಮಿ.ಮೀ. ಜೇಡದ ಬಿಂಬವೂ 10 ಮಿ.ಮೀ. ಇದ್ದರೆ ವರ್ಧನೆ 1. ಮ್ಯಾಕ್ರೋ ಛಾಯಾಗ್ರಹಣ ಎಂದು ಕಟ್ಟುನಿಟ್ಟಾಗಿ ಹೇಳುವುದು ಇಲ್ಲಿಂದ ಮುಂದಕ್ಕೆ.

ವರ್ಧನೆ ಹೆಚ್ಚಬೇಕಾದರೆ ಮಸೂರವನ್ನು ಸಂವೇದಕದಿಂದ ದೂರ ಸರಿಸಬೇಕು. ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕುವುದು ಇದಕ್ಕಾಗಿಯೇ. ಅದರೊಳಗೆ ಗಾಜಿಲ್ಲ. ಅದು ಬರೀ ಟೊಳ್ಳು ಬಳೆ. ಅನಂತ ದೂರಕ್ಕೆ ಹೊಂದಿಸಿದ ಮಸೂರಕ್ಕೆ ಲೆಕ್ಕ ಸುಲಭ: ಬಳೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 50 ಮಿ.ಮೀ. ಮಸೂರಕ್ಕೆ 25 ಮಿ.ಮೀ. ಬಳೆ ಹಾಕಿದರೆ 0.5, 50 ಮಿ.ಮೀ. ಬಳೆ ಹಾಕಿದರೆ 1.

ವರ್ಧನೆ 1 ಇರುವಾಗ ಸರಳ ಮಸೂರದಿಂದ ವಸ್ತುವಿಗೆ ಇರುವ ದೂರ ಸಂಗಮದೂರದ ಎರಡರಷ್ಟು. 50 ಮಿ.ಮೀ. ಮಸೂರವಾದರೆ 10 ಸೆಂ.ಮೀ., 100 ಮಿ.ಮೀ. ಮಸೂರವಾದರೆ 20 ಸೆಂ.ಮೀ. ಹಲವು ಭಾಗಗಳಿರುವ ನಿಜವಾದ ಮಸೂರಗಳಲ್ಲಿ ಈ ಅಂಕಿ ಸ್ವಲ್ಪ ಬದಲಾಗುತ್ತದೆ. ಆದರೂ ಸಂಗಮದೂರ ಹೆಚ್ಚಿದ್ದರೆ ಜೀವಿಯಿಂದ ಹೆಚ್ಚು ದೂರ ನಿಲ್ಲಬಹುದು ಎಂಬುದು ನಿಜ. ಬೆದರುವ ಚಿಟ್ಟೆಗೆ ಈ ಹತ್ತು ಸೆಂಟಿಮೀಟರ್ ಬಹಳ ದೊಡ್ಡದು.

ಸ್ಪಷ್ಟತೆಯ ಆಳ

ಈಗ ಮೂಲ ತೊಂದರೆಗೆ ಬರೋಣ. ಮಸೂರವು ಒಂದು ನಿರ್ದಿಷ್ಟ ದೂರದಲ್ಲಿರುವುದನ್ನು ಮಾತ್ರ ನಿಖರವಾಗಿ ಮೂಡಿಸುತ್ತದೆ. ಅದರ ಹಿಂದೆ ಮುಂದೆ ಇರುವ ಬಿಂದುಗಳು ಸಂವೇದಕದ ಮೇಲೆ ಪುಟ್ಟ ವೃತ್ತಗಳಾಗಿ ಹರಡುತ್ತವೆ. ಈ ಮಸುಕು ವೃತ್ತ ಒಂದು ಮಿತಿಯೊಳಗಿದ್ದರೆ ಕಣ್ಣಿಗೆ ಬಿಂದುವಿನಂತೆಯೇ ಕಾಣುತ್ತದೆ. 36 ಮಿ.ಮೀ. ಅಗಲದ ಸಂವೇದಕಕ್ಕೆ ಈ ಮಿತಿಯನ್ನು ಸಾಮಾನ್ಯವಾಗಿ 0.03 ಮಿ.ಮೀ. ಎಂದು ಇಟ್ಟುಕೊಳ್ಳುತ್ತಾರೆ. ಆಗ,

ಸ್ಪಷ್ಟತೆಯ ಆಳ = 2 × ಎಫ್ ಸಂಖ್ಯೆ × ಮಸುಕು ವೃತ್ತದ ಮಿತಿ × (ವರ್ಧನೆ + 1) ÷ ವರ್ಧನೆಯ ವರ್ಗ

ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ರಂಧ್ರ ಕಿರಿದಾದಷ್ಟೂ ಈ ಸಂಖ್ಯೆ ದೊಡ್ಡದು. ಎಫ್ 8 ಇಟ್ಟುಕೊಂಡು ಲೆಕ್ಕ ಮಾಡಿದರೆ ಹೀಗೆ ಬರುತ್ತದೆ:

ವರ್ಧನೆ 0.1 — ಆಳ ಸುಮಾರು 53 ಮಿ.ಮೀ.
ವರ್ಧನೆ 0.25 — ಸುಮಾರು 9.6 ಮಿ.ಮೀ.
ವರ್ಧನೆ 0.5 — ಸುಮಾರು 2.9 ಮಿ.ಮೀ.
ವರ್ಧನೆ 1 — ಸುಮಾರು 1 ಮಿ.ಮೀ.
ವರ್ಧನೆ 2 — ಸುಮಾರು 0.36 ಮಿ.ಮೀ.

ವರ್ಧನೆ 0.1ರಿಂದ 1ಕ್ಕೆ ಹತ್ತು ಪಟ್ಟು ಏರಿದಾಗ ಆಳ ಐವತ್ತು ಪಟ್ಟಿಗೂ ಹೆಚ್ಚು ಕುಸಿದಿದೆ ನೋಡಿ. ಒಂದು ಮಿ.ಮೀ. ಎಂದರೆ ಸಾಸಿವೆ ಕಾಳಿನಷ್ಟೂ ಇಲ್ಲ. ಜೇಡದ ಬೆನ್ನು ಸ್ಪಷ್ಟವಾಗಿ ಬಂದಾಗ ಕಾಲು ಮಸುಕಾಗಿದ್ದಕ್ಕೆ ಇದೇ ಕಾರಣ.

ಹಾಗಾದರೆ ರಂಧ್ರವನ್ನು ಇನ್ನೂ ಕಿರಿದು ಮಾಡಬಾರದೇ? ಮಾಡಬಹುದು, ಆದರೆ ಅದಕ್ಕೂ ಮಿತಿಯಿದೆ. ಮಸೂರ ದೂರ ಸರಿದಂತೆ ಬೆಳಕು ಹೆಚ್ಚು ಹರಡುವುದರಿಂದ ನಿಜವಾಗಿ ಕೆಲಸ ಮಾಡುವ ಎಫ್ ಸಂಖ್ಯೆ, ನಾವು ಇಟ್ಟ ಸಂಖ್ಯೆಯ (1 + ವರ್ಧನೆ) ಪಟ್ಟು ಆಗುತ್ತದೆ. ವರ್ಧನೆ 1 ಇರುವಾಗ ಎಫ್ 8 ಎಂಬುದು ಎಫ್ 16ರಂತೆ ವರ್ತಿಸುತ್ತದೆ. ಸಂವೇದಕಕ್ಕೆ ಸಿಗುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಜೊತೆಗೆ ವಿವರ್ತನೆಯೂ ಇದೆ. ಕಿರಿದಾದ ರಂಧ್ರದ ಮೂಲಕ ಹಾದ ಬೆಳಕು ಬಾಗಿ ಹರಡಿ, ಒಂದು ಬಿಂದುವನ್ನು ಸಣ್ಣ ಬಿಲ್ಲೆಯಾಗಿ ಮೂಡಿಸುತ್ತದೆ. ಬಿಲ್ಲೆಯ ವ್ಯಾಸ = 2.44 × ತರಂಗದೂರ × ಕಾರ್ಯಕಾರಿ ಎಫ್ ಸಂಖ್ಯೆ. ಹಸಿರು ಬೆಳಕಿನ ತರಂಗದೂರ 0.00055 ಮಿ.ಮೀ. ಎಂದಿಟ್ಟುಕೊಂಡರೆ, ವರ್ಧನೆ 1ರಲ್ಲಿ ಎಫ್ 8ಕ್ಕೆ ಬಿಲ್ಲೆ 0.021 ಮಿ.ಮೀ., ಎಫ್ 11ಕ್ಕೆ ಸುಮಾರು 0.03, ಎಫ್ 16ಕ್ಕೆ 0.043. ಅಂದರೆ ಎಫ್ 11 ದಾಟಿದ ಮೇಲೆ ವಿವರ್ತನೆಯೊಂದೇ ನಮ್ಮ 0.03ರ ಮಿತಿಯನ್ನು ಮೀರುತ್ತದೆ. ಆಳ ಹೆಚ್ಚಿಸಲು ಹೋಗಿ ಇಡೀ ಚಿತ್ರವನ್ನೇ ಮಂಕು ಮಾಡಿಕೊಂಡಂತೆ. ಆದ್ದರಿಂದ ವರ್ಧನೆ 1ರ ಆಸುಪಾಸಿನಲ್ಲಿ ಎಫ್ 8ರಿಂದ 11ರ ನಡುವೆ ನಿಲ್ಲುವುದು ಲೇಸು.

ಮೊಬೈಲ್ ಫೋನಿನ ಸಂವೇದಕದ ಅಗಲ ಸುಮಾರು 6ರಿಂದ 10 ಮಿ.ಮೀ. ಮಾತ್ರ. ಅದೇ ಜೇಡ ಚೌಕಟ್ಟು ತುಂಬಲು ಅಲ್ಲಿ ಕಡಿಮೆ ವರ್ಧನೆ ಸಾಕು. ಹಾಗಾಗಿ ಒಂದೇ ಎಫ್ ಸಂಖ್ಯೆಯಲ್ಲಿ, ಒಂದೇ ಚೌಕಟ್ಟಿಗೆ ಮೊಬೈಲಿನ ಆಳ ಹೆಚ್ಚು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಮೊಬೈಲಿನ ಮಸೂರದ ಮುಂದೆ ಅಂಟಿಸಿದರೂ ಶಾಲೆಯ ಕೆಲಸಕ್ಕೆ ಸಾಕಾಗುವ ಚಿತ್ರ ಬರುತ್ತದೆ.

ಮುಂಜಾನೆಯ ಮೂರು ಕೊಡುಗೆಗಳು

ಆಳ ಕಡಿಮೆ, ಬೆಳಕೂ ಕಡಿಮೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾದ ಕದ ಹೆಚ್ಚು ಹೊತ್ತು ತೆರೆದಿರಬೇಕು. ಆಗ ಜೀವಿ ಅಲುಗಿದರೆ ಕೆಟ್ಟಿತು. ಗಾಳಿಗೆ ಬಲೆ ಸೆಕೆಂಡಿಗೆ 10 ಮಿ.ಮೀ. ವೇಗದಲ್ಲಿ ತೂಗುತ್ತಿದೆ ಎನ್ನಿ. ವರ್ಧನೆ 1 ಇದ್ದರೆ ಬಿಂಬವೂ ಅಷ್ಟೇ ವೇಗದಲ್ಲಿ ಸರಿಯುತ್ತದೆ. ಸೆಕೆಂಡಿನ 125ನೆಯ ಒಂದು ಭಾಗದಲ್ಲಿ ಅದು 0.08 ಮಿ.ಮೀ. ಸರಿದು ಮಸುಕಾಗುತ್ತದೆ. ಸಾವಿರದ ಒಂದು ಭಾಗದಲ್ಲಿ 0.01 ಮಿ.ಮೀ. ಮಾತ್ರ ಸರಿದು ಸ್ಪಷ್ಟವಾಗಿ ಉಳಿಯುತ್ತದೆ. ನಡುಹಗಲಿನಲ್ಲಿ ಈ ಮೂರು ತೊಂದರೆಗಳೂ ಒಟ್ಟಿಗೆ ಕಾಡುತ್ತವೆ. ಮುಂಜಾನೆ ಹಾಗಲ್ಲ.

ಮೊದಲನೆಯದು, ನಿಶ್ಚಲ ಗಾಳಿ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಹೊರಸೂಸಿ ತಣ್ಣಗಾಗುತ್ತದೆ. ನೆಲಕ್ಕೆ ಅಂಟಿದ ತಂಪು ಗಾಳಿ ಭಾರವಾಗಿ ಅಲ್ಲೇ ತಂಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಮೇಲೇಳಲು ತೊಡಗುತ್ತದೆ, ಎಲೆಗಳು ಅಲುಗುತ್ತವೆ.

ಎರಡನೆಯದು, ಇಬ್ಬನಿ. ಮಳೆಗಾಲದ ತೇವ ನೆಲದಲ್ಲಿ ಇನ್ನೂ ಉಳಿದಿರುತ್ತದೆ. ಅದೇ ತಂಪಿನಿಂದ ಗಾಳಿಯ ಆವಿ ಹನಿಗಟ್ಟಿ ಬಲೆಯ ಎಳೆ ಎಳೆಯನ್ನೂ ಕಾಣಿಸುತ್ತದೆ. ಪ್ರತಿ ಹನಿಯೂ ಒಂದು ಪುಟ್ಟ ಪೀನ ಮಸೂರ. ಹಿಂದಿರುವ ಹೂವು ಅದರಲ್ಲಿ ತಲೆಕೆಳಗಾಗಿ ಮೂಡಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಜೀವಿಯ ಮೈ ತಂಪು. ಕೀಟಗಳ ದೇಹೋಷ್ಣತೆ ಹೆಚ್ಚಾಗಿ ಸುತ್ತಲಿನ ಉಷ್ಣತೆಯನ್ನೇ ಅನುಸರಿಸುತ್ತದೆ. ಹಾರುವ ಸ್ನಾಯುಗಳು ಚುರುಕಾಗಲು ಅನೇಕ ಚಿಟ್ಟೆಗಳಿಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೇಕು. ನವೆಂಬರ್ ತಿಂಗಳ ಬೆಂಗಳೂರಿನ ಕನಿಷ್ಠ ಉಷ್ಣತೆ ಸರಾಸರಿ 17 ಡಿಗ್ರಿಯ ಆಸುಪಾಸು. ದೊಡ್ಡ ಗಾತ್ರದ ಹಾಕ್ ಪತಂಗಗಳು ರೆಕ್ಕೆ ನಡುಗಿಸಿ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳಬಲ್ಲವು. ಚಿಟ್ಟೆಗಳು ಬಿಸಿಲಿಗೆ ಕಾಯಲೇಬೇಕು. ನೀಲಿ ಪಟ್ಟೆಯ ಒಂಟಿ ಜೇನ್ನೊಣದ ಗಂಡುಗಳು ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು ಸಾಲಾಗಿ ಮಲಗಿರುವುದನ್ನು ಈ ಹೊತ್ತಿನಲ್ಲಿ ಕಾಣಬಹುದು. ಹಗಲಿನಲ್ಲಿ ಅರೆ ಕ್ಷಣವೂ ನಿಲ್ಲದ ಜೀವಿ ಅದು.

ಹೀಗಾಗಿ ಸೂರ್ಯೋದಯದಿಂದ ಸುಮಾರು ಎಂಟು ಗಂಟೆಯವರೆಗೆ ನಿಮಗೆ ಅವಕಾಶ. ಮುಕ್ಕಾಲಿ ಇಲ್ಲದಿದ್ದರೆ ರಾಗಿ ತುಂಬಿದ ಬಟ್ಟೆ ಚೀಲದ ಮೇಲೆ ಕ್ಯಾಮೆರಾ ಇಡಿ. ಗಾಳಿ ಪೂರ್ಣ ನಿಂತಿದ್ದರೆ ಸೆಕೆಂಡಿನ ಕಾಲು ಭಾಗದಷ್ಟು ದೀರ್ಘವಾಗಿ ಕದ ತೆರೆದರೂ ಸ್ಪಷ್ಟ ಚಿತ್ರ ಬರುತ್ತದೆ. ನಾಭಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಎಂಟು ಹತ್ತು ಚಿತ್ರ ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿದರೆ ಒಂದು ಮಿ.ಮೀ. ಆಳ ಆರು ಮಿ.ಮೀ. ಆಗುತ್ತದೆ. ಜೀವಿ ಅಲುಗದೆ ಇದ್ದರೆ ಮಾತ್ರ ಇದು ಸಾಧ್ಯ.

ಇರುವ ಆಳವನ್ನು ಜಾಣತನದಿಂದ ಖರ್ಚು ಮಾಡುವುದೂ ಒಂದು ಉಪಾಯ. ಚಕ್ರಬಲೆ ಬಹುಮಟ್ಟಿಗೆ ಸಮತಲ. ಕ್ಯಾಮೆರಾದ ಬೆನ್ನನ್ನು ಅದಕ್ಕೆ ಸಮಾಂತರವಾಗಿ ಹಿಡಿಯಿರಿ. ವರ್ಧನೆ 0.1ರಲ್ಲಿ ನಮಗಿರುವ ಆಳ 53 ಮಿ.ಮೀ. ಬಲೆಯ ಅಗಲ 300 ಮಿ.ಮೀ. ಇದ್ದರೆ ಕ್ಯಾಮೆರಾ 10 ಡಿಗ್ರಿಗಿಂತ ಹೆಚ್ಚು ಓರೆಯಾದ ಕೂಡಲೇ ಅಂಚುಗಳು ಮಸುಕಾಗುತ್ತವೆ. ಚಿಟ್ಟೆಯ ಮಡಿಚಿದ ರೆಕ್ಕೆಗೂ ಇದೇ ಮಾತು. ಎಲ್ಲವನ್ನೂ ಸ್ಪಷ್ಟ ಮಾಡಲಾಗದಿದ್ದರೆ ಕಣ್ಣನ್ನು ಸ್ಪಷ್ಟ ಮಾಡಿ.

ಫ್ಲಾಶ್ ಬಳಸುವುದಾದರೆ ಅದರ ಶಕ್ತಿಯನ್ನು ತಗ್ಗಿಸಿ ಬಳಸಿ. ಆಗ ಮಿಂಚಿನ ಅವಧಿ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಿರಿದಾಗಬಲ್ಲದು, ತೂಗುವ ಬಲೆಯೂ ನಿಂತಂತೆ ಮೂಡುತ್ತದೆ. ಆದರೆ ಜೀರುಂಡೆಯ ಹೊಳೆಯುವ ಬೆನ್ನು ಕನ್ನಡಿಯಂತೆ ಮಿಂಚನ್ನು ಪ್ರತಿಫಲಿಸುತ್ತದೆ. ನಡುವೆ ಒಂದು ಟ್ರೇಸಿಂಗ್ ಹಾಳೆ ಹಿಡಿದರೆ ಬೆಳಕು ಹರಡಿ ಮೃದುವಾಗುತ್ತದೆ.

ಫ್ರಿಜ್ಜಿನ ಆಸೆ

ತಂಪು ಜೀವಿಯನ್ನು ಸುಮ್ಮನಿರಿಸುತ್ತದೆ ಎಂದಾದರೆ, ಅದನ್ನು ಹಿಡಿದು ತಂದು ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೆ ಮಾಡುವವರು ಇದ್ದಾರೆ. ಅಂಟು ಹಾಕುವವರೂ, ಸ್ಪ್ರೇ ಬಾಟಲಿಯಿಂದ ಕೃತಕ ಇಬ್ಬನಿ ಚಿಮುಕಿಸುವವರೂ ಇದ್ದಾರೆ. ದಯವಿಟ್ಟು ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಬೇಡಿ.

ಇದು ಕರುಣೆಯ ಪ್ರಶ್ನೆ ಮಾತ್ರವಲ್ಲ, ಸತ್ಯದ ಪ್ರಶ್ನೆಯೂ ಹೌದು. ವಿಜ್ಞಾನಕ್ಕೆ ಚಿತ್ರವೆಂದರೆ ಒಂದು ಹೇಳಿಕೆ: ಈ ಜೀವಿ, ಈ ದಿನ, ಈ ಹೊತ್ತಿನಲ್ಲಿ, ಈ ಗಿಡದ ಮೇಲೆ, ಈ ಭಂಗಿಯಲ್ಲಿತ್ತು. ಫ್ರಿಜ್ಜಿನಿಂದ ಬಂದ ಜೀರುಂಡೆ ತಾನು ಎಂದೂ ಮುಟ್ಟದ ಹೂವಿನ ಮೇಲೆ ಕುಳಿತಿದ್ದರೆ ಆ ಹೇಳಿಕೆಯ ಪ್ರತಿ ಪದವೂ ಸುಳ್ಳು. ಚಿತ್ರ ಎಷ್ಟು ಚೆಂದವಿದ್ದರೆ ಸುಳ್ಳು ಅಷ್ಟು ದೂರ ಹೋಗುತ್ತದೆ. ಜೀವಿಯನ್ನು ನಮ್ಮ ವೇಳೆಗೆ ತರುವ ಬದಲು ನಾವೇ ಅದರ ವೇಳೆಗೆ ಹೋದರೆ ಪ್ರಕೃತಿಯೇ ತಂಪು ಮಾಡಿಕೊಟ್ಟಿರುತ್ತದೆ. ಬೇಕಾದುದು ಒಂದು ಗಂಟೆ ಮುಂಚೆ ಏಳುವ ಅಭ್ಯಾಸ ಅಷ್ಟೆ.

ದಿನಾಂಕಕ್ಕೆ ಇಷ್ಟು ಮಹತ್ವವೇಕೆ ಎಂಬುದಕ್ಕೆ ಒಂದು ಉದಾಹರಣೆ. ಮಳೆಗಾಲದ ಕೊನೆಗೆ ಮೈದಾನದ ಮೇಲೆ ಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಯನ್ನು ನೀವು ನೋಡಿರಬಹುದು. ಅದರ ಹೆಸರು ಪ್ಯಾಂಟಾಲ ಫ್ಲಾವೆಸೆನ್ಸ್. ಇದು ಭಾರತದಿಂದ ಮಾಲ್ಡೀವ್ಸ್ ಮೂಲಕ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದಿಸಿದರು. ಸಿಹಿನೀರಿನ ಕೆರೆಗಳೇ ಇಲ್ಲದಂಥ ಮಾಲ್ಡೀವ್ಸ್ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಿಂದ ಇವು ಬರುವುದನ್ನು ಅವರು ವರ್ಷಗಟ್ಟಲೆ ಗುರುತು ಹಾಕಿಕೊಂಡಿದ್ದರು. ಎಲ್ಲಿ, ಯಾವ ತಾರೀಕಿಗೆ ಕಂಡವು ಎಂಬ ಸರಳ ಟಿಪ್ಪಣಿಗಳೇ ಆ ವಾದದ ಬೆನ್ನೆಲುಬು.

ಚಿತ್ರದಿಂದ ಎಷ್ಟು ತಿಳಿಯಬಹುದು?

ಮಾವಿನ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಮಲೆನಾಡಿನಲ್ಲಿ ಚಗಳಿ ಎನ್ನುತ್ತಾರೆ. ಅದರ ಸಾಲಿನ ಬಳಿ ತುಸು ಬೇರೆ ರೀತಿ ನಡೆಯುವ ಒಂದು ‘ಇರುವೆ’ ಕಂಡರೆ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಾಲುಗಳನ್ನು ಎಣಿಸಿ. ಎಂಟು ಇವೆಯೇ? ಮುಂದಿನ ಎರಡು ಕಾಲುಗಳನ್ನು ಕುಡಿಮೀಸೆಯಂತೆ ಎತ್ತಿ ಹಿಡಿದಿದೆಯೇ? ಹಾಗಿದ್ದರೆ ಅದು ಮಿರ್ಮಪ್ಲಾಟ ಪ್ಲಾಟಲಿಯಾಯ್ಡಿಸ್ ಎಂಬ ನೆಗೆಯುವ ಜೇಡ ಇರಬಹುದು. ಗಂಡಿನ ದವಡೆಗಳು ಎಷ್ಟು ಉದ್ದವೆಂದರೆ ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಬರಿಗಣ್ಣು ಮೋಸ ಹೋಗುವ ಕಡೆ ಚಿತ್ರ ನಿಧಾನವಾಗಿ ಎಣಿಸಲು ಅವಕಾಶ ಕೊಡುತ್ತದೆ.

ಹಾಗೆಂದು ಚಿತ್ರವೇ ಅಂತಿಮವಲ್ಲ. ದಕ್ಷಿಣ ಭಾರತದ ಕೆಲವು ನೆಗೆಯುವ ಜೇಡಗಳಿಗಾಗಿ 2024ರಲ್ಲಿ ವಿಜ್ಞಾನಿಗಳು ಒಂದು ಹೊಸ ಕುಲವನ್ನೇ ಸ್ಥಾಪಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ತೆಂಕಣ’, ನಮ್ಮದೇ ಕನ್ನಡ ಪದ. ಕರ್ನಾಟಕದಲ್ಲಿ ಸಿಕ್ಕ ಅದರ ಒಂದು ಹೊಸ ಪ್ರಭೇದದ ಹೆಸರು ಜಯಮಂಗಲಿ. ಇಂಥ ತೀರ್ಮಾನಕ್ಕೆ ಮಾದರಿಗಳ ಅಂಗರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಡಿಎನ್ಎ ಹೋಲಿಸಬೇಕು. ಅನೇಕ ಜೇಡಗಳ ಪ್ರಭೇದವನ್ನು ಚಿತ್ರ ನೋಡಿ ಹೇಳಲು ಬರುವುದಿಲ್ಲ. ಕುಟುಂಬ ಅಥವಾ ಕುಲದವರೆಗೆ ಹೇಳಿ ನಿಲ್ಲುವುದು ಸೋಲಲ್ಲ. ಖಚಿತವಿಲ್ಲದ ಹೆಸರಿಗಿಂತ ಖಚಿತವಾದ ವಿವರ ಹೆಚ್ಚು ಬೆಲೆಯುಳ್ಳದ್ದು.

ಆದ್ದರಿಂದ ಒಂದೇ ಚೆಂದದ ಚಿತ್ರಕ್ಕೆ ತೃಪ್ತರಾಗಬೇಡಿ. ಜೇಡವಾದರೆ ಬೆನ್ನು, ಹೊಟ್ಟೆಯ ಭಾಗ, ಎದುರಿನಿಂದ ಕಣ್ಣುಗಳ ಜೋಡಣೆ ಮತ್ತು ಇಡೀ ಬಲೆ, ಹೀಗೆ ನಾಲ್ಕು ಚಿತ್ರ ಬೇಕು. ಚಿಟ್ಟೆಯಾದರೆ ರೆಕ್ಕೆಯ ಒಳ ಹೊರ ಮೈ ಎರಡೂ ಬೇಕು. ಗಾತ್ರ ತಿಳಿಯಲು ಜೀವಿಯ ಪಕ್ಕ ಅಳತೆಪಟ್ಟಿ ಇಡಬೇಕಿಲ್ಲ. ನಾಭಿಯನ್ನು ಬದಲಿಸದೆ, ಸ್ವಲ್ಪ ದೂರ ಬಂದು ಅಳತೆಪಟ್ಟಿಯ ಒಂದು ಚಿತ್ರ ತೆಗೆದರೆ ಅದೇ ಮಾನದಂಡವಾಗುತ್ತದೆ.

ಶಾಲೆಗೊಂದು ಚಟುವಟಿಕೆ

ಶಾಲೆಯ ಹತ್ತಿರದ ಹತ್ತು ಮೀಟರ್ ಬೇಲಿಯೊಂದನ್ನು ಆರಿಸಿಕೊಳ್ಳಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ವಾರಕ್ಕೊಂದು ಮುಂಜಾನೆ ಇಬ್ಬರು ಮೂವರು ವಿದ್ಯಾರ್ಥಿಗಳು ಅಲ್ಲಿಗೆ ಹೋಗಲಿ. ಬಲೆಗಳನ್ನು ಎಣಿಸಲಿ, ವ್ಯಾಸ ಅಳೆಯಲಿ, ಚಿತ್ರ ತೆಗೆಯಲಿ. ಉಷ್ಣಮಾಪಕ ನೆರಳಿನಲ್ಲಿಟ್ಟು, ಮೊದಲ ಚಿಟ್ಟೆ ಹಾರಿದಾಗ ಉಷ್ಣತೆ ಎಷ್ಟಿತ್ತು ಎಂದು ಬರೆದಿಡಲಿ. ಸ್ಥಳ, ದಿನಾಂಕ, ವೇಳೆ, ಗಿಡ, ಉಷ್ಣತೆ ಈ ಐದೂ ಇಲ್ಲದ ಚಿತ್ರವನ್ನು ದಾಖಲೆಗೆ ಸೇರಿಸಬಾರದೆಂಬ ನಿಯಮ ಇರಲಿ. ನೆರಳು ಜೀವಿಯ ಮೇಲೆ ಬೀಳದಂತೆ, ಕೊಂಬೆ ಅಲುಗದಂತೆ ಹತ್ತಿರ ಹೋಗಬೇಕು. ಆರ್ಜಿಯೋಪೆ ತನ್ನ ಬಲೆಯನ್ನು ಜೋರಾಗಿ ಅಲುಗಿಸತೊಡಗಿದರೆ ಅದಕ್ಕೆ ನಿಮ್ಮಿಂದ ತೊಂದರೆಯಾಗಿದೆ ಎಂದು ಅರ್ಥ. ಒಂದು ಹೆಜ್ಜೆ ಹಿಂದೆ ಸರಿಯಿರಿ. ಬಳ್ಳಿ ಕತ್ತರಿಸಿ ದಾರಿ ಮಾಡಿಕೊಳ್ಳಬೇಡಿ. ರಕ್ಷಿತಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಮರೆಯಬೇಡಿ.

ಹಿಂದೆ ಕೀಟ ಸಂಗ್ರಹ ಎಂದರೆ ವಿಷದ ಬಾಟಲಿ, ಗುಂಡುಸೂಜಿ ಮತ್ತು ನುಸಿಗುಳಿಗೆ ಹಾಕಿದ ಪೆಟ್ಟಿಗೆ. ತಜ್ಞರಿಗೆ ಈಗಲೂ ಮಾದರಿಗಳು ಬೇಕು, ಆದರೆ ಪ್ರತಿ ಶಾಲೆಯ ಪ್ರತಿ ತರಗತಿಗೂ ಅವು ಬೇಕಿಲ್ಲ. ನಿಮ್ಮ ವಿದ್ಯಾರ್ಥಿಗಳ ಪೆಟ್ಟಿಗೆಯಲ್ಲಿ ಈ ವರ್ಷ ಮೂವತ್ತು ಚಿತ್ರಗಳಿರಲಿ. ಎಂಟು ಗಂಟೆಯ ಹೊತ್ತಿಗೆ ಇಬ್ಬನಿ ಆರಿ, ಆ ಮೂವತ್ತೂ ಜೀವಿಗಳು ತಮ್ಮ ತಮ್ಮ ಕೆಲಸಕ್ಕೆ ಹಾರಿಹೋಗಲಿ.